ಜವಳಿ ವರ್ತಕನ ಮಗನ ಬಾಕಿ ಲೆಕ್ಕ

ಸಕ್ಕರೆ, ಸೀಮೆಎಣ್ಣೆಗಾಗಿ ಪಡಿತರ ಚೀಟಿ ಹಿಡಿದು ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತು ಬೆಳೆದ ತಲೆಮಾರಿನವನು ನಾನು. 1991ರ ಉದಾರೀಕರಣವನ್ನು ಬಿಡುಗಡೆಯೆಂದು ಸಂಭ್ರಮಿಸಿದವರನ್ನೂ ಕಂಡಿದ್ದೇನೆ, ಅನರ್ಥವೆಂದು ಶಪಿಸಿದವರನ್ನೂ ಕಂಡಿದ್ದೇನೆ. ಮುಕ್ತ ಮಾರುಕಟ್ಟೆಯೋ ಸಾಮಾಜಿಕ ಭದ್ರತೆಯೋ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ನೆನಪಾಗುವವರು ಜರ್ಮನಿಯ ಲುಡ್ವಿಗ್ ಎರ್ಹಾರ್ಡ್. ಎರಡೂ ಪಕ್ಷದವರು ಅವರನ್ನು ತಮ್ಮ ಸಾಕ್ಷಿಯೆಂದು ಕರೆಯುತ್ತಾರೆ. ಆದರೆ ಅವರ ಬದುಕು ಯಾರ ವಾದಕ್ಕೂ ಪೂರ್ತಿಯಾಗಿ ಒದಗುವುದಿಲ್ಲ.

ಎರ್ಹಾರ್ಡ್ ಹುಟ್ಟಿದ್ದು 1897ರ ಫೆಬ್ರುವರಿ 4ರಂದು, ಬವೇರಿಯಾದ ಫ್ಯೂರ್ತ್ ಪಟ್ಟಣದಲ್ಲಿ. ತಂದೆ ಜವಳಿ ವರ್ತಕರು. ಶೈಶವದಲ್ಲೇ ತಗುಲಿದ ಪೋಲಿಯೊ ಒಂದು ಪಾದವನ್ನು ಊನಗೊಳಿಸಿತ್ತು. ಮೊದಲ ಮಹಾಯುದ್ಧದ ಕೊನೆಯ ವರ್ಷ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡರು. ದಿನವಿಡೀ ಅಂಗಡಿಯಲ್ಲಿ ನಿಲ್ಲುವುದು ಕಷ್ಟವಾದಾಗ ಅರ್ಥಶಾಸ್ತ್ರದ ಕಡೆ ಹೊರಳಿದರು. ಫ್ರಾಂಕ್‌ಫರ್ಟ್‌ನಲ್ಲಿ ಫ್ರಾಂಝ್ ಓಪನ್‌ಹೈಮರ್ ಅವರ ಮಾರ್ಗದರ್ಶನದಲ್ಲಿ 1925ರಲ್ಲಿ ಡಾಕ್ಟರೇಟ್ ಪಡೆದರು. ಪೈಪೋಟಿ ಬೇಕು, ಏಕಸ್ವಾಮ್ಯ ಕೂಡದು ಎಂಬ ನಂಬಿಕೆ ಆ ಗುರುವಿನಿಂದ ಬಂದದ್ದು. ಸೋಲು ಖಚಿತವೆಂದು ಬಾಯಿಬಿಡುವುದೇ ಅಪಾಯಕರವಾಗಿದ್ದ 1944ರಲ್ಲಿ, ಯುದ್ಧಾನಂತರದ ಸಾಲ ಮತ್ತು ಹಣಕಾಸಿನ ಪುನರ್ವ್ಯವಸ್ಥೆ ಕುರಿತು ಅವರು ಟಿಪ್ಪಣಿ ಬರೆದಿಟ್ಟಿದ್ದರು.

1948ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಆಡಳಿತಕ್ಕೊಳಪಟ್ಟ ಸಂಯುಕ್ತ ವಲಯದ ಆರ್ಥಿಕ ಆಡಳಿತದ ಹೊಣೆ ಅವರ ಹೆಗಲೇರಿತು. ನಗರಗಳು ಬೂದಿಯಾಗಿದ್ದವು, ಅಂಗಡಿಗಳು ಬರಿದಾಗಿದ್ದವು, ಕಾಳಸಂತೆಯಲ್ಲಿ ಸಿಗರೇಟೇ ನಾಣ್ಯವಾಗಿತ್ತು. ಜೂನ್ 20ರಂದು ಡಾಯಿಷ್ ಮಾರ್ಕ್ ಎಂಬ ಹೊಸ ಹಣ ಚಲಾವಣೆಗೆ ಬಂದಿತು. ಮೊದಲ ಕಂತಾಗಿ ತಲೆಗೆ 40 ಮಾರ್ಕ್ ದೊರೆಯಿತು. ಅದರ ಜೊತೆಯಲ್ಲೇ ಎರ್ಹಾರ್ಡ್, ಮಿತ್ರರಾಷ್ಟ್ರಗಳ ಅಧಿಕಾರಿಗಳ ಪೂರ್ವಾನುಮತಿಗೆ ಕಾಯದೆ, ಹಲವಾರು ಸರಕುಗಳ ಬೆಲೆ ನಿಯಂತ್ರಣವನ್ನು ಕಿತ್ತುಹಾಕಿದರು. ಮುಖ್ಯ ಆಹಾರ ಪದಾರ್ಥ, ಕಲ್ಲಿದ್ದಲು, ಉಕ್ಕು ಮತ್ತು ಮನೆ ಬಾಡಿಗೆ ಮಾತ್ರ ನಿಯಂತ್ರಣದಲ್ಲೇ ಉಳಿದವು. ಕೆಲವೇ ದಿನಗಳಲ್ಲಿ ಅಂಗಡಿಗಳ ಗಾಜಿನ ಕಪಾಟುಗಳು ತುಂಬಿದವು.

ಈ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಬಾರದು. ಬೆಲೆಗೆ ಬಿಡುಗಡೆ ಸಿಕ್ಕಿತು, ಕೂಲಿಗೆ ಸಿಗಲಿಲ್ಲ. ವೇತನದ ಮೇಲಿನ ನಿರ್ಬಂಧ ನವೆಂಬರ್ ತನಕ ಮುಂದುವರಿಯಿತು. ಬ್ಯಾಂಕಿನಲ್ಲಿ ಉಳಿತಾಯವಿಟ್ಟವನಿಗೆ 100 ಹಳೆಯ ಮಾರ್ಕಿಗೆ ಕೊನೆಗೆ ದಕ್ಕಿದ್ದು 6.50 ಹೊಸ ಮಾರ್ಕ್. ಜಮೀನು, ಕಾರ್ಖಾನೆ ಉಳ್ಳವನ ಆಸ್ತಿ ಹಾಗೇ ಉಳಿಯಿತು. ನವೆಂಬರ್ 12ರಂದು ಸುಮಾರು 90 ಲಕ್ಷ ಕಾರ್ಮಿಕರು ಒಂದು ದಿನದ ಮುಷ್ಕರ ಹೂಡಿದರು. 1950ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ತಲುಪಿತ್ತು.

ಎರ್ಹಾರ್ಡ್ ಹಿಂದೆ ಸರಿಯಲಿಲ್ಲ. ಆದರೆ ಕಿವುಡರೂ ಆಗಲಿಲ್ಲ. ಬಟ್ಟೆ, ಪಾದರಕ್ಷೆಗಳು ಸಾಮಾನ್ಯರ ಕೈಗೆಟಕುವ ದರದಲ್ಲಿ ದೊರೆಯುವ ಕಾರ್ಯಕ್ರಮವೊಂದು ಆ ವರ್ಷವೇ ಶುರುವಾಯಿತು. 1952ರಲ್ಲಿ ಹೊರೆ ಸಮೀಕರಣ ಕಾಯ್ದೆ ಬಂದಿತು. ಆಸ್ತಿ ಉಳಿಸಿಕೊಂಡವರು 1948ರ ಮೌಲ್ಯದ ಅರ್ಧದಷ್ಟನ್ನು 30 ವರ್ಷಗಳ ಕಂತಿನಲ್ಲಿ ತೆರಬೇಕಾಯಿತು. ಆ ಹಣ ಮನೆಮಠ ಕಳೆದುಕೊಂಡವರಿಗೆ, ಪೂರ್ವದಿಂದ ಹೊರದೂಡಲ್ಪಟ್ಟ ನಿರಾಶ್ರಿತರಿಗೆ ಸಂದಿತು. ಕೈಗಾರಿಕೋದ್ಯಮಿಗಳ ಪ್ರಬಲ ವಿರೋಧದೊಡನೆ ವರ್ಷಗಟ್ಟಲೆ ಸೆಣಸಿ, 1957ರಲ್ಲಿ ಎರ್ಹಾರ್ಡ್ ಪೈಪೋಟಿ ರಕ್ಷಣೆಯ ಕಾಯ್ದೆಯನ್ನು ಸಂಸತ್ತಿನಲ್ಲಿ ಅಂಗೀಕಾರಗೊಳಿಸಿದರು. ವಿನಾಯಿತಿಗಳು ಅದರ ಹರಿತವನ್ನು ತಗ್ಗಿಸಿದ್ದವು, ನಿಜ. ಆದರೂ ಮಾರುಕಟ್ಟೆ ಎಂದರೆ ವರ್ತಕರ ಒಳಒಪ್ಪಂದವಲ್ಲ ಎಂಬ ತತ್ವ ಕಾನೂನಾಯಿತು.

ಅದೇ 1957ರಲ್ಲಿ ಪಿಂಚಣಿ ಸುಧಾರಣೆಯೂ ಜಾರಿಗೆ ಬಂದಿತು. ಪಿಂಚಣಿ ಒಂದೇ ಸಲಕ್ಕೆ ಅರ್ಧಕ್ಕಿಂತ ಹೆಚ್ಚಿತು. ಮುಂದೆ ದುಡಿಯುವವರ ವೇತನದೊಂದಿಗೇ ಏರುವಂತಾಯಿತು. ಇದಕ್ಕೆ ಪಟ್ಟು ಹಿಡಿದವರು ಚಾನ್ಸಲರ್ ಕಾನ್ರಾಡ್ ಅಡೆನಾವರ್. ವಿರೋಧಿಸಿದವರು ಎರ್ಹಾರ್ಡ್! ಸರ್ಕಾರವೇ ಸಾಕುವ ವ್ಯವಸ್ಥೆ ಜನರ ಸ್ವಾವಲಂಬನೆಯನ್ನು ಕುಂದಿಸೀತು ಎಂಬುದು ಅವರ ಅಂಜಿಕೆ. ಸಾಮಾಜಿಕ ಮಾರುಕಟ್ಟೆ ವ್ಯವಸ್ಥೆ ಎಂಬ ಹೆಸರು ಕೂಡ ಅವರದಲ್ಲ, ಅವರ ಸಹೋದ್ಯೋಗಿಯಾದ ಅಲ್ಫ್ರೆಡ್ ಮ್ಯುಲ್ಲರ್-ಅರ್ಮಾಕ್ ಅವರದು. ಅಂದರೆ ಜಗತ್ತು ಮೆಚ್ಚಿದ ಆ ಸಮತೋಲನ ಒಬ್ಬ ಮಹಾಪುರುಷನ ಕೊಡುಗೆಯಲ್ಲ. ಬೀದಿಗಿಳಿದ ಕಾರ್ಮಿಕ, ಮತದ ಲೆಕ್ಕ ಬಲ್ಲ ರಾಜಕಾರಣಿ, ಪೈಪೋಟಿಯಲ್ಲಿ ನಂಬಿಕೆಯಿಟ್ಟ ಮಂತ್ರಿ ಪರಸ್ಪರ ಜಗ್ಗಾಡಿ ತಂದ ಫಲ.

14 ವರ್ಷ ಆರ್ಥಿಕ ಸಚಿವರಾಗಿದ್ದ ಎರ್ಹಾರ್ಡ್ 1963ರಲ್ಲಿ ಚಾನ್ಸಲರ್ ಆದರು. ಆ ಪೀಠ ಅವರಿಗೆ ಒಗ್ಗಲಿಲ್ಲ. ಬಜೆಟ್ ಕೊರತೆಯ ಜಗಳದಲ್ಲಿ ಮಿತ್ರಪಕ್ಷ ಕೈಬಿಟ್ಟಾಗ 1966ರಲ್ಲಿ ಅಧಿಕಾರ ತೊರೆದರು. 1977ರ ಮೇ 5ರಂದು ಬಾನ್‌ನಲ್ಲಿ ನಿಧನರಾದರು.

ಅವರ ಬದುಕಿನಿಂದ ನಾನು ಕಲಿತದ್ದು ಕಾಲದ ಮಹತ್ವವನ್ನು. ಬೆಲೆ ಬಿಡುಗಡೆಯಾದ ನಾಲ್ಕೇ ವರ್ಷಗಳಲ್ಲಿ ಜರ್ಮನಿ ಹೊರೆ ಹಂಚಿಕೊಳ್ಳುವ ಕಾಯ್ದೆ ಮಾಡಿತು. 1991ರಲ್ಲಿ ಪೇಟೆ ತೆರೆದ ನಾವು ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಗೆ 2005ರ ತನಕ, ಆಹಾರ ಭದ್ರತಾ ಕಾಯ್ದೆಗೆ 2013ರ ತನಕ ಕಾದೆವು. ನಮ್ಮದು ಹೆಚ್ಚು ಬಡ ದೇಶ, ಹೋಲಿಕೆಗೆ ಮಿತಿಯುಂಟು ಎಂಬುದನ್ನು ಬಲ್ಲೆ. ಆದರೂ ಸುಧಾರಣೆಯ ಲಾಭ ಮೊದಲು, ರಕ್ಷಣೆ ಆಮೇಲೆ ಎಂಬ ಕ್ರಮದಲ್ಲಿ, ಆ ನಡುವಿನ ವರ್ಷಗಳ ಬೆಲೆ ತೆತ್ತವರು ನನ್ನಂತಹ ಮಧ್ಯಮ ವರ್ಗದವರಲ್ಲ. ಮುಂದಿನ ಸುಧಾರಣೆಯ ಮಾತೆತ್ತುವ ಮುನ್ನ ಆ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯ.