ಬೆಟ್ಟದ ಗಿಡಗಳ ಚಿತ್ರ ಬರೆದ ಹಂಬೋಲ್ಟ್

ಬೆಟ್ಟ ಹತ್ತುತ್ತಾ ಹೋದರೆ ಕೆಳಗಿದ್ದ ಮರಗಳು ಮೇಲೆ ಯಾಕೆ ಇರುವುದಿಲ್ಲ? ಇದನ್ನು ಅಳತೆ ಮಾಡಿ ಚಿತ್ರ ಬರೆದು ಲೋಕಕ್ಕೆ ತೋರಿಸಿದವರು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಅವರ ಜೀವನ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ಹಂಬೋಲ್ಟರು 1769ರ ಸೆಪ್ಟೆಂಬರ್ 14ರಂದು ಜರ್ಮನಿಯ ಬರ್ಲಿನ್ನಿನಲ್ಲಿ ಜನಿಸಿದರು. ಒಂಬತ್ತು ವರ್ಷವಿದ್ದಾಗಲೇ ತಂದೆ ತೀರಿಕೊಂಡರು. ಹುಡುಗನಿಗೆ ಹೂವು, ಹುಳ, ಕಲ್ಲು ಕೂಡಿಹಾಕುವ ಹುಚ್ಚು. ತಾಯಿಗೆ ಮಾತ್ರ ಮಗ ಸರ್ಕಾರಿ ಅಧಿಕಾರಿ ಆಗಬೇಕು ಅಂತ ಆಸೆ. ತಾಯಿಯ ಮಾತಿನಂತೆ ಗಣಿ ಇಲಾಖೆಗೆ ಸೇರಿದರು. ಅಲ್ಲಿ ಗಣಿ ಕೆಲಸಗಾರರಿಗೆ ಸ್ವಂತ ಹಣದಲ್ಲಿ ಶಾಲೆ ತೆರೆದರು. ನನಗೆ ಅವರು ಇಷ್ಟವಾದದ್ದು ಮೊದಲು ಇದಕ್ಕೇ. 1796ರಲ್ಲಿ ತಾಯಿ ತೀರಿಕೊಂಡ ಮೇಲೆ ಆಸ್ತಿಯ ಪಾಲು ಬಂತು. ನೌಕರಿ ಬಿಟ್ಟು, 1799ರಲ್ಲಿ ಬೋನ್‌ಪ್ಲಾಂಡ್ ಎಂಬ ಫ್ರಾನ್ಸಿನ ಸಸ್ಯತಜ್ಞರ ಜೊತೆ ಸ್ಪೇನಿನಿಂದ ಹಡಗು ಹತ್ತಿಯೇ ಬಿಟ್ಟರು! ಅಮೆರಿಕ ಖಂಡದಲ್ಲಿ ಐದು ವರ್ಷ ತಿರುಗಿದರು. ಒರಿನೊಕೊ ನದಿಯ ಕಥೆ, ಕರೆಂಟ್ ಹೊಡೆಯುವ ಮೀನಿನ ಕಥೆ ಬರೆಯಲು ಇನ್ನೊಂದು ಹಾಳೆಯೇ ಬೇಕು.

1802ರ ಜೂನ್ 23ರಂದು ಅವರು ಚಿಂಬೊರಾಸೊ ಪರ್ವತ ಹತ್ತಿದರು. ಅದು ಈಗಿನ ಎಕ್ವಡಾರ್ ದೇಶದಲ್ಲಿದೆ. ಎತ್ತರ 6,263 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಮೂರು ಬೆಟ್ಟ ಒಂದರ ಮೇಲೊಂದು ಇಟ್ಟರೂ ಸಾಲದು. ಜಗತ್ತಿನಲ್ಲಿ ಅದೇ ಎತ್ತರದ ಪರ್ವತ ಅಂತ ಆಗ ತಿಳಿದಿದ್ದರು. ಹಿಮ ಶುರುವಾಗುವಲ್ಲಿಂದ ದಾರಿ ತೋರಿಸುವವರಲ್ಲಿ ಹೆಚ್ಚಿನವರು ವಾಪಸ್ ಹೋದರು. ಇವರು ಬಿಡಲಿಲ್ಲ. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರಿನಿಂದ ಎತ್ತರ ಲೆಕ್ಕ ಹಾಕುತ್ತಾ ನಡೆದರು. ಉಸಿರಾಡಲು ಕಷ್ಟ, ವಸಡಿನಿಂದ ರಕ್ತ. ಕೊನೆಗೆ ದೊಡ್ಡ ಕಂದಕ ಅಡ್ಡ ಬಂದು ತುದಿ ಮುಟ್ಟದೆ ಹಿಂತಿರುಗಿದರು.

1807ರಲ್ಲಿ ಅವರು ಒಂದು ದೊಡ್ಡ ಬಣ್ಣದ ಚಿತ್ರ ಪ್ರಕಟಿಸಿದರು. ಹಲಸಿನ ಹಣ್ಣನ್ನು ಹೋಳು ಮಾಡಿದ ಹಾಗೆ ಪರ್ವತವನ್ನು ಸೀಳಿ ತೋರಿಸಿ, ಯಾವ ಎತ್ತರದಲ್ಲಿ ಯಾವ ಗಿಡ ಇದೆಯೋ ಅಲ್ಲೇ ಅದರ ಹೆಸರು ಬರೆದರು. ಬುಡದಲ್ಲಿ ತಾಳೆ ಜಾತಿಯ ಮರ, ಬಾಳೆ. ಅದರ ಮೇಲೆ ಮಲೇರಿಯಾಕ್ಕೆ ಔಷಧಿ ಕೊಡುವ ಸಿಂಕೋನ ಮರ. ಆಮೇಲೆ ಕುರುಚಲು ಗಿಡ, ಆಮೇಲೆ ಬರೀ ಹುಲ್ಲು, ಕೊನೆಗೆ ಬಂಡೆಯ ಮೇಲಿನ ಕಲ್ಲುಹೂವು. ಅಲ್ಲಿಂದಾಚೆ ಹಿಮ. ಪಕ್ಕದಲ್ಲಿ ಉಷ್ಣತೆ, ಗಾಳಿಯ ಒತ್ತಡ ಎಲ್ಲಾ ಇದೆ. ಸಾವಿರ ಮೀಟರ್ ಹತ್ತಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ, ಆ ಚಳಿ ತಡೆಯುವ ಗಿಡ ಮಾತ್ರ ಅಲ್ಲಿ ಬದುಕುತ್ತದೆ. ಹಾಗಂತ ಎಲ್ಲಾ ಜಾತಿಯೂ ಬುಡದಲ್ಲೇ ಜಾಸ್ತಿ ಅಂತಲ್ಲ. ಜರಿಗಿಡದಂಥವು ಮಂಜು ಕವಿಯುವ ನಡುಬೆಟ್ಟದಲ್ಲೇ ಹೆಚ್ಚು.

ಹಂಬೋಲ್ಟರಿಗೆ ನಮ್ಮ ಹಿಮಾಲಯವನ್ನೂ ಅಳೆಯುವ ಆಸೆ ಬಹಳ ಇತ್ತು. ಲಂಡನ್ನಿಗೆ ಹೋಗಿ ಪ್ರಯತ್ನಿಸಿದರೂ ಈಸ್ಟ್ ಇಂಡಿಯಾ ಕಂಪನಿಯವರು ಒಪ್ಪಿಗೆ ಕೊಡಲಿಲ್ಲ. ನಮ್ಮ ಬೆಟ್ಟ ನೋಡಲು ಕಂಪನಿಯವರ ಅಪ್ಪಣೆ ಯಾಕೆ ಬೇಕಿತ್ತೋ! ಗುಲಾಮಗಿರಿಯನ್ನು ಅವರು ಕೊನೆಯವರೆಗೂ ವಿರೋಧಿಸಿದರು. ಪ್ರವಾಸಕ್ಕೆ, ಪುಸ್ತಕಕ್ಕೆ ಆಸ್ತಿಯೆಲ್ಲಾ ಕರಗಿತು. 1859ರ ಮೇ 6ರಂದು, 89ನೇ ವಯಸ್ಸಿನಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡರು.

ಆ ಚಿತ್ರ ಇನ್ನೂ ಕೆಲಸಕ್ಕೆ ಬರುತ್ತಿದೆ. 2012ರಲ್ಲಿ ವಿಜ್ಞಾನಿಗಳು ಚಿಂಬೊರಾಸೊಗೆ ಹೋಗಿ ನೋಡಿ, ಗಿಡಗಳು 500 ಮೀಟರಿಗಿಂತ ಹೆಚ್ಚು ಮೇಲೆ ಸರಿದಿವೆ ಅಂದರು. 2019ರಲ್ಲಿ ಬೇರೆಯವರು ಹಳೇ ಟಿಪ್ಪಣಿ ತೆಗೆದು ನೋಡಿದರೆ, ಎತ್ತರದ ಗಿಡಗಳಲ್ಲಿ ಹೆಚ್ಚಿನವನ್ನು ಹಂಬೋಲ್ಟರು ಕಿತ್ತಿದ್ದು ಆಂಟಿಸಾನ ಎಂಬ ಇನ್ನೊಂದು ಬೆಟ್ಟದಲ್ಲಿ! ಅಲ್ಲಿ ಲೆಕ್ಕ ಹಾಕಿದಾಗ 215ರಿಂದ 266 ಮೀಟರ್ ಸರಿದದ್ದು ಗೊತ್ತಾಯಿತು. ಭೂಮಿ ಬಿಸಿಯಾದ ಹಾಗೆ ಗಿಡಗಳು ತಂಪು ಹುಡುಕಿಕೊಂಡು ಹತ್ತುತ್ತಿವೆ. ತುದಿಯ ಗಿಡಗಳಿಗೆ ಮಾತ್ರ ಮೇಲೆ ಉಳಿದಿರುವುದು ಬಂಡೆ ಮತ್ತು ಹಿಮ.