ಬರ್ಲಿನ್ ಬಿಟ್ಟು ಇಂಗ್ಲೆಂಡಿಗೆ ಹೋದ ಗೋಪಾಲನ್

ಆಗಸ್ಟ್ 15 ಅಂದರೆ ನಮಗೆ ಸ್ವಾತಂತ್ರ್ಯ ದಿನ. ಸ್ವಾತಂತ್ರ್ಯ ಬರುವುದಕ್ಕೆ ಹನ್ನೊಂದು ವರ್ಷ ಮೊದಲು, 1936ರ ಆಗಸ್ಟ್ 15ರಂದು, ಭಾರತದ ಎರಡು ತಂಡಗಳು ಪರದೇಶದ ಎರಡು ಮೈದಾನಗಳಲ್ಲಿ ಆಡುತ್ತಿದ್ದವು. ಬರ್ಲಿನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಹಾಕಿ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಅದೇ ದಿನ ಲಂಡನ್ನಿನ ಓವಲ್‌ನಲ್ಲಿ ನಮ್ಮ ಕ್ರಿಕೆಟ್ ತಂಡ ಇಂಗ್ಲೆಂಡ್ ವಿರುದ್ಧ ಸರಣಿಯ ಕೊನೆಯ ಟೆಸ್ಟ್ ಆಡಲು ಇಳಿಯಿತು. ಆ ಪಂದ್ಯವನ್ನು ಒಂಬತ್ತು ವಿಕೆಟ್‌ಗಳಿಂದ ಸೋತಿತು.

ಎರಡೂ ತಂಡಕ್ಕೆ ಬೇಕಾಗಿದ್ದ ಒಬ್ಬ ಆಟಗಾರ ಅವತ್ತು ಎರಡೂ ಕಡೆ ಆಡಲಿಲ್ಲ. ಅವರೇ ಎಂ.ಜೆ. ಗೋಪಾಲನ್. ಹಾಕಿ ಬಿಟ್ಟು ಕ್ರಿಕೆಟ್ ಆರಿಸಿಕೊಂಡು ಇಂಗ್ಲೆಂಡಿಗೆ ಹೋಗಿದ್ದರು. ಅಲ್ಲಿ ಮೂರು ಟೆಸ್ಟ್‌ಗಳಲ್ಲಿ ಒಂದರಲ್ಲೂ ಅವರಿಗೆ ಜಾಗ ಸಿಗಲಿಲ್ಲ.

ದಾಖಲೆಯ ಪ್ರಕಾರ ಗೋಪಾಲನ್ ಹುಟ್ಟಿದ್ದು 1909ರ ಜೂನ್ 6ರಂದು, ತಮಿಳುನಾಡಿನ ಚೆಂಗಲ್ಪಟ್ಟು ಕಡೆಯ ಒಂದು ಹಳ್ಳಿಯಲ್ಲಿ. ಆಗ ಅದು ಮದರಾಸು ಪ್ರಾಂತ್ಯ. ಮದರಾಸಿನ ಕ್ರಿಕೆಟ್‌ನಲ್ಲಿ ದೊಡ್ಡ ಹೆಸರಾಗಿದ್ದ ಸಿ.ಪಿ. ಜಾನ್‌ಸ್ಟನ್ ಎಂಬ ಇಂಗ್ಲಿಷ್ ಆಟಗಾರರ ಕಣ್ಣಿಗೆ ಈ ಹುಡುಗ ಬಿದ್ದರು. ಅವರ ಮೂಲಕ ಬರ್ಮಾ ಶೆಲ್ ಎಣ್ಣೆ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಇವತ್ತಿನ ಮಾತಲ್ಲಿ ಹೇಳುವುದಾದರೆ ಸ್ಪೋರ್ಟ್ಸ್ ಕೋಟಾದ ನೌಕರಿ ಇದ್ದ ಹಾಗೆ. ಆಟ ಅವರಿಗೆ ಬರೀ ಸಂಜೆಯ ಮೋಜಾಗಿರಲಿಲ್ಲ, ಅನ್ನದ ದಾರಿಯೂ ಆಗಿತ್ತು.

ಗೋಪಾಲನ್ ಮಧ್ಯಮ ವೇಗದ ಬೌಲರ್. ಬ್ಯಾಟ್ ಕೂಡ ಬೀಸುತ್ತಿದ್ದರು. 1934ರ ಜನವರಿಯಲ್ಲಿ ಡಗ್ಲಾಸ್ ಜಾರ್ಡಿನ್ ನಾಯಕತ್ವದ ಇಂಗ್ಲೆಂಡ್ ವಿರುದ್ಧ ಕಲ್ಕತ್ತಾದಲ್ಲಿ ಮೊದಲ ಟೆಸ್ಟ್ ಆಡಿದರು. ಎರಡು ಇನಿಂಗ್ಸ್ ಸೇರಿ 18 ರನ್, ಒಂದು ವಿಕೆಟ್. ಅದೇ ಅವರ ಕೊನೆಯ ಟೆಸ್ಟ್ ಕೂಡ ಆಗುತ್ತದೆಂದು ಅವತ್ತು ಯಾರಿಗೂ ಗೊತ್ತಿರಲಿಲ್ಲ.

ಅದೇ ವರ್ಷ ನವೆಂಬರ್ 4ರಂದು ರಣಜಿ ಟ್ರೋಫಿ ಆರಂಭವಾಯಿತು. ಮದರಾಸಿನ ಚೆಪಾಕ್‌ನಲ್ಲಿ ಮೊಟ್ಟಮೊದಲ ಪಂದ್ಯ. ಎದುರಾಳಿ ನಮ್ಮ ಮೈಸೂರು ತಂಡ. ರಣಜಿ ಟ್ರೋಫಿಯ ಮೊದಲ ಎಸೆತ ಹಾಕಿದ್ದು ಇದೇ ಗೋಪಾಲನ್. ಎದುರಿಸಿದ್ದು ಮೈಸೂರಿನ ಎನ್. ಕರ್ಟಿಸ್. ಆ ಪಂದ್ಯದಲ್ಲಿ ಮೈಸೂರು 48 ಮತ್ತು 59 ರನ್‌ಗೆ ಆಲೌಟ್ ಆಯಿತು. ಮದರಾಸು 130 ರನ್ ಹೊಡೆದು ಇನಿಂಗ್ಸ್ ಮತ್ತು 23 ರನ್‌ಗಳಿಂದ ಗೆದ್ದಿತು. ಎಲ್ಲ ಒಂದೇ ದಿನದಲ್ಲಿ ಮುಗಿಯಿತು! ಕ್ರಿಕೆಟ್ ಕ್ವಿಜ್‌ಗೆ ಓದುವವರು ಈ ಹೆಸರನ್ನು ಇಲ್ಲಿಗೇ ನೆನಪಿಟ್ಟುಕೊಂಡು ಬಿಡುತ್ತಾರೆ.

ಆದರೆ ಗೋಪಾಲನ್ ಅವರ ಇನ್ನೊಂದು ಕೈಯಲ್ಲಿ ಹಾಕಿ ಸ್ಟಿಕ್ ಇತ್ತು. ಅವರು ಸೆಂಟರ್ ಹಾಫ್. ಹಿಂದಿನ ರಕ್ಷಣೆಗೂ ಮುಂದಿನ ದಾಳಿಗೂ ನಡುವೆ ಸೇತುವೆಯಂತೆ ಆಡಬೇಕಾದ ಜಾಗ. ಅಲ್ಲಿ ಓಟವೂ ಬೇಕು, ತಲೆಯೂ ಬೇಕು. 1935ರಲ್ಲಿ ಧ್ಯಾನ್‌ಚಂದ್ ನಾಯಕತ್ವದಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಪ್ರವಾಸ ಹೋದ ತಂಡದಲ್ಲಿ ಅವರಿದ್ದರು. ಆ ತಂಡ 48 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಹೊಡೆದ ಗೋಲು 584. ಇಂಥ ತಂಡದಲ್ಲಿದ್ದವರಿಗೆ ಮುಂದಿನ ವರ್ಷದ ಬರ್ಲಿನ್ ಒಲಿಂಪಿಕ್ಸ್ ಕೈಗೆಟುಕುವ ದೂರದಲ್ಲಿತ್ತು.

1936ರಲ್ಲಿ ಎರಡೂ ಬಾಗಿಲು ಒಟ್ಟಿಗೇ ತೆರೆದವು. ಕ್ರಿಕೆಟ್ ತಂಡ ಇಡೀ ಬೇಸಿಗೆ ಇಂಗ್ಲೆಂಡಿನಲ್ಲಿ ಇರಬೇಕಿತ್ತು. ಒಲಿಂಪಿಕ್ಸ್ ಆಗಸ್ಟ್‌ನಲ್ಲಿ. ಎರಡು ದೋಣಿಯಲ್ಲಿ ಕಾಲಿಡುವಂತಿರಲಿಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಮತ್ತು ಅಲ್ಲಿನ ಫುಟ್‌ಬಾಲ್ ಎರಡರಲ್ಲೂ ಮಿಂಚುವ ಹೈಸ್ಕೂಲ್ ಹುಡುಗರಿಗೆ ಇಂಥದ್ದೇ ಪೇಚು ಬರುತ್ತದೆ. ಈಗಲೇ ವೃತ್ತಿಪರ ಬೇಸ್‌ಬಾಲ್‌ಗೆ ಸಹಿ ಹಾಕಿ ದುಡ್ಡು ಎಣಿಸುವುದೋ, ಕಾಲೇಜು ಸೇರಿ ಫುಟ್‌ಬಾಲ್ ಆಡುವುದೋ ಎಂದು. ಅವರಿಗೆ ಸಲಹೆ ಕೊಡಲು ಏಜೆಂಟರಿದ್ದಾರೆ, ಕೋಚ್‌ಗಳಿದ್ದಾರೆ. 26ರ ಗೋಪಾಲನ್‌ಗೆ ಇದ್ದದ್ದು ಒಂದು ನೌಕರಿ ಮತ್ತು ಎರಡು ಆಟ. ಅವರು ಕ್ರಿಕೆಟ್ ಆರಿಸಿಕೊಂಡರು.

ಅವತ್ತಿನ ಲೆಕ್ಕದಲ್ಲಿ ಅದು ದಡ್ಡತನವೇ? ನನಗೆ ಹಾಗೆ ಅನಿಸುವುದಿಲ್ಲ. ಹಾಕಿಯಲ್ಲಿ ಭಾರತ 1928 ಮತ್ತು 1932ರಲ್ಲಿ ಆಗಲೇ ಚಿನ್ನ ಗೆದ್ದಿತ್ತು. ಕ್ರಿಕೆಟ್‌ನಲ್ಲಿ ಇಂಗ್ಲೆಂಡಿಗೆ ಅದು ನಮ್ಮ ಎರಡನೇ ಟೆಸ್ಟ್ ಪ್ರವಾಸವಷ್ಟೇ. ಒಂದೇ ಟೆಸ್ಟ್ ಆಡಿದ್ದ ಬೌಲರ್‌ಗೆ ಇಂಗ್ಲೆಂಡಿನ ಪಿಚ್ ಅಂದರೆ ಕನಸು. ಅದೇ ತಂಡದಲ್ಲಿ ಮದರಾಸಿನ ಇನ್ನೊಬ್ಬ ದ್ವಿಪಾತ್ರಧಾರಿ ಇದ್ದರು, ಸಿ. ರಾಮಸ್ವಾಮಿ. 1922ರಲ್ಲೇ ಭಾರತದ ಪರ ಡೇವಿಸ್ ಕಪ್ ಟೆನಿಸ್ ಆಡಿದ್ದ ಅವರಿಗೆ 40ನೇ ವಯಸ್ಸಿನಲ್ಲಿ ಈ ಪ್ರವಾಸದಲ್ಲಿ ಎರಡು ಟೆಸ್ಟ್ ಸಿಕ್ಕವು. ಗೋಪಾಲನ್‌ಗೆ ಸಿಗಲಿಲ್ಲ. ಹೋಗುವುದು ಅವರ ಕೈಯಲ್ಲಿತ್ತು, ಹನ್ನೊಂದರಲ್ಲಿ ಹೆಸರು ಬರುವುದು ಅವರ ಕೈಯಲ್ಲಿರಲಿಲ್ಲ.

ಆ ಪ್ರವಾಸವೇ ಒಡೆದ ಮನೆಯಾಗಿತ್ತು. ನಾಯಕ ವಿಜಯನಗರಂನ ಮಹಾರಾಜಕುಮಾರ್. ಮೊದಲ ಟೆಸ್ಟ್‌ಗೆ ಮುಂಚೆಯೇ ಲಾಲಾ ಅಮರನಾಥರನ್ನು ಅಶಿಸ್ತಿನ ನೆಪದಲ್ಲಿ ಮನೆಗೆ ಕಳಿಸಿಬಿಟ್ಟರು. ಭಾರತ ಸರಣಿಯನ್ನು 2-0ಯಿಂದ ಸೋತಿತು. ಅತ್ತ ಬರ್ಲಿನ್‌ನಲ್ಲಿ ಹಾಕಿ ತಂಡ ಇಡೀ ಕೂಟದಲ್ಲಿ 38 ಗೋಲು ಹೊಡೆದು ಒಂದೇ ಒಂದು ಗೋಲು ಬಿಟ್ಟುಕೊಟ್ಟಿತು.

ಇನ್ನೊಂದು ಅವಕಾಶ ಬರಬಹುದಿತ್ತಲ್ಲ ಅಂದುಕೊಳ್ಳುತ್ತೇವೆ. ಬರಲಿಲ್ಲ. ಎರಡನೇ ಮಹಾಯುದ್ಧದಿಂದ 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಓವಲ್ ಟೆಸ್ಟ್ ಆದ ಮೇಲೆ ಭಾರತ ಮುಂದಿನ ಟೆಸ್ಟ್ ಆಡಿದ್ದು 1946ರಲ್ಲಿ. ಅಷ್ಟರಲ್ಲಿ ಗೋಪಾಲನ್‌ಗೆ 37. ಒಂದು ಬಾಗಿಲನ್ನು ಅವರೇ ಮುಚ್ಚಿದ್ದರು, ಎರಡನ್ನೂ ಕಾಲ ಮುಚ್ಚಿತು.

ಅವರ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಅಯ್ಯೋ ಪಾಪ ಅನ್ನುತ್ತಾರೆ. ಆದರೆ ಬದುಕು ಇಲ್ಲಿಗೆ ನಿಲ್ಲಲಿಲ್ಲ. ಇಂಗ್ಲೆಂಡಿನಿಂದ ಬಂದ ಮೇಲೆ ಅವರು ಮತ್ತೆ ಮದರಾಸಿನ ಪರ ಚೆಂಡು ಹಿಡಿದರು. 40 ದಾಟಿದ ಮೇಲೂ ಪ್ರಥಮ ದರ್ಜೆ ಕ್ರಿಕೆಟ್ ಆಡಿದರು. 1950ರ ದಶಕದಲ್ಲಿ ರಾಷ್ಟ್ರೀಯ ಆಯ್ಕೆಗಾರರಾದರು. ಹನ್ನೊಂದರಲ್ಲಿ ಹೆಸರಿಲ್ಲದಿದ್ದರೆ ಹೇಗಿರುತ್ತದೆ ಎಂದು ತಿಳಿದಿದ್ದವರೇ ಹೆಸರು ಬರೆಯುವ ಕುರ್ಚಿಯಲ್ಲಿ ಕೂತರು. ಅವರ 25 ವರ್ಷದ ಆಟದ ನೆನಪಿಗೆ ಮದರಾಸು ಮತ್ತು ಸಿಲೋನ್, ಅಂದರೆ ಇಂದಿನ ಶ್ರೀಲಂಕಾ, ನಡುವೆ ಗೋಪಾಲನ್ ಟ್ರೋಫಿ ಶುರುವಾಯಿತು. ಸಿಲೋನ್‌ಗೆ ಟೆಸ್ಟ್ ಮಾನ್ಯತೆ ಇಲ್ಲದ ಕಾಲದಲ್ಲಿ ಅಲ್ಲಿನ ಹುಡುಗರಿಗೆ ಅದು ದೊಡ್ಡ ವೇದಿಕೆಯಾಗಿತ್ತು. 2003ರ ಡಿಸೆಂಬರ್ 21ರಂದು ಚೆನ್ನೈಯಲ್ಲಿ ಗೋಪಾಲನ್ ತೀರಿಕೊಂಡರು. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಹಾಗಿದ್ದರೂ ಈ ಹೆಸರು ನನ್ನನ್ನು ಹಿಡಿದುಕೊಂಡಿದ್ದಕ್ಕೆ ಕಾರಣವಿದೆ. ಹಿಂದಿನ ಸೆಮಿಸ್ಟರ್‌ನಲ್ಲಿ ಕಲಬುರಗಿಯಲ್ಲಿ ಒಂದೇ ದಿನ ನನಗೆ ಎರಡು ಕರೆ ಬಂದವು. ಒಂದು ವಾಲಿಬಾಲ್ ತಂಡದ ಆಯ್ಕೆ, ಇನ್ನೊಂದು ಇಂಟರ್ನ್‌ಶಿಪ್‌ಗೆ ಒಂದು ಕಂಪನಿಯ ಪರೀಕ್ಷೆ. ಪರೀಕ್ಷೆಗೆ ಹೋದೆ, ಪಾಸಾಗಲಿಲ್ಲ. ನನ್ನ ಜಾಗಕ್ಕೆ ಹೋದ ದೋಸ್ತ ಕೊರಳಲ್ಲಿ ಪದಕ ಹಾಕಿಕೊಂಡು ಬಂದ. ಅವತ್ತು ಸಂಜೆ ಕಮಲಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ, ಎರಡೂ ಕಳಕೊಂಡೆ ಅಂತ ನನ್ನನ್ನೇ ಬೈದುಕೊಂಡೆ. ಮನೆಯಲ್ಲಿ ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ.

ಈಗ ಆ ದಿನವನ್ನು ಬೇರೆ ಥರ ನೋಡುತ್ತೇನೆ. ಫಲಿತಾಂಶ ಗೊತ್ತಾದ ಮೇಲೆ ಎಲ್ಲರೂ ಜಾಣರೇ. ಆಯ್ಕೆ ಮಾಡುವ ಬೆಳಿಗ್ಗೆ ಫಲಿತಾಂಶ ಯಾರ ಜೇಬಲ್ಲೂ ಇರುವುದಿಲ್ಲ. ಗೇಟ್‌ಗೆ ಓದುವುದೋ, ಕೆಪಿಎಸ್‌ಸಿಗೆ ಕೂರುವುದೋ, ಸಿಕ್ಕ ಕೆಲಸಕ್ಕೆ ಬೆಂಗಳೂರಿಗೆ ಹೋಗುವುದೋ ಎಂದು ಒದ್ದಾಡುತ್ತಿರುವ ನಮ್ಮಂಥವರಿಗೆ ಗೋಪಾಲನ್ ಸರಿಯಾದ ಉತ್ತರ ಹೇಳಿಕೊಡುವುದಿಲ್ಲ. ಆರಿಸಿದ್ದು ಕೈಕೊಟ್ಟ ಮೇಲೂ ಮುಂದಿನ ಹದಿನೈದು ವರ್ಷ ಚೆಂಡು ಹಿಡಿಯುವುದು ಹೇಗೆಂದು ತೋರಿಸುತ್ತಾರೆ.

ಮುಂದಿನ ತಿಂಗಳು ಇನ್ನೊಂದು ಕಂಪನಿಯ ಪರೀಕ್ಷೆ ಇದೆ, ತಯಾರಿ ನಡೆದಿದೆ. ಭಾನುವಾರ ಕಮಲಾಪುರದಲ್ಲಿ ದೋಸ್ತರ ಜೊತೆ ನೆಟ್ ಕಟ್ಟಿ ವಾಲಿಬಾಲ್ ಆಡುವುದೂ ಮತ್ತೆ ಶುರುವಾಗಿದೆ.