ಅಕ್ಕಿ ಸಿಗದ ಕಾಲದ ಇಡ್ಲಿ: ಯಜ್ಞನಾರಾಯಣ ಮಯ್ಯರಿಂದ ನಮ್ಮ ರೂಮಿನ ಮಿಕ್ಸ್ ಪ್ಯಾಕೆಟ್ಟಿನ ತನಕ

ಮೂಡುಬಿದಿರೆಯಲ್ಲಿ ರೂಮು ಮಾಡಿಕೊಂಡು ಓದುವವರ ಅಡುಗೆ ಮೂಲೆ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಒಂದು ಇಂಡಕ್ಷನ್ ಸ್ಟೌ, ಮನೆಯಿಂದ ಕಟ್ಟಿ ಕೊಟ್ಟ ಉಪ್ಪಿನಕಾಯಿ ಬಾಟಲಿ, ಬಾಯಿಗೆ ಕ್ಲಿಪ್ ಹಾಕಿಟ್ಟ ರವೆ ಇಡ್ಲಿ ಮಿಕ್ಸಿನ ಪ್ಯಾಕೆಟ್ಟು. ಯಾರದಾದರೂ ಹುಟ್ಟುಹಬ್ಬ ಬಂದರೆ ಅದರ ಪಕ್ಕದಲ್ಲಿ ಒಂದು ಕೇಕ್ ಮಿಕ್ಸಿನ ಡಬ್ಬಿ. ಪ್ಯಾಕೆಟ್ಟಿನ ಹಿಂದೆ ಬರೆದ ಹಾಗೆಯೇ ಮಾಡಿದರೂ ಇಡ್ಲಿ ಒಮ್ಮೊಮ್ಮೆ ರಬ್ಬರಾಗುತ್ತದೆ, ಕೇಕ್ ಒಣ ಬನ್ನಾಗುತ್ತದೆ. ವಾರದ ಕೊನೆಗೆ ಬಂಟ್ವಾಳಕ್ಕೋ ಬೆಳ್ತಂಗಡಿಗೋ ಹೋದಾಗ ಮನೆಯಲ್ಲಿ ಬೈಗುಳ ಬೇರೆ. ಪ್ಯಾಕೆಟ್ ತಿಂದು ಬದುಕುವ ಕಾಲ ಬಂತು, ನಮ್ಮ ಸಂಪ್ರದಾಯದ ತಿಂಡಿಗಳೆಲ್ಲ ಹಾಳಾದವು ಅಂತ.

ಆದರೆ ಆ ರವೆ ಇಡ್ಲಿ ಯಾವ ಸಂಪ್ರದಾಯದ್ದು? ಅದಕ್ಕಿನ್ನೂ ನೂರು ವರ್ಷವೂ ಆಗಿಲ್ಲ. ಅಕ್ಕಿ ಸಿಗದೇ ಹೋದ ದಿನಗಳಲ್ಲಿ, ಇಲ್ಲದ್ದಕ್ಕೆ ಬದಲಾಗಿ ಹುಟ್ಟಿದ ತಿಂಡಿ ಅದು. ಅದರ ಜೊತೆಗೆ ಸೇರಿಕೊಂಡಿರುವ ಹೆಸರು ಕರಾವಳಿಯ ಒಬ್ಬರದು: ಪಾರಂಪಳ್ಳಿ ಯಜ್ಞನಾರಾಯಣ ಮಯ್ಯ. ಪ್ಯಾಕೆಟ್ಟಿನ ರುಚಿ ಹೆಚ್ಚಿಸುವುದು ಹೇಗೆ ಅನ್ನುವ ಪ್ರಶ್ನೆಗೂ ಅವರ ಬದುಕಿನಲ್ಲೇ ಉತ್ತರ ಇದೆ.

ಘಟ್ಟ ಹತ್ತಿದವರು

ಪಾರಂಪಳ್ಳಿ ಇರುವುದು ಇವತ್ತಿನ ಉಡುಪಿ ಜಿಲ್ಲೆಯ ಸಾಲಿಗ್ರಾಮ, ಕೋಟದ ಆಸುಪಾಸಿನಲ್ಲಿ. ಆಗ ಅದೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಾಗೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೇ. ಬೆಂಗಳೂರು ಮೈಸೂರು ಮಹಾರಾಜರ ಸಂಸ್ಥಾನ. ಅಂದರೆ ಘಟ್ಟ ಹತ್ತಿದವರು ಇನ್ನೊಂದು ರಾಜ್ಯಕ್ಕೇ ಹೋದ ಹಾಗೆ.

ಕರಾವಳಿಯ ಹುಡುಗರು ಹೋಟೆಲ್ ಕೆಲಸಕ್ಕೆ ಊರು ಬಿಟ್ಟದ್ದು ಯಾಕೆ ಅಂತ ಬಂಟ್ವಾಳದವರಿಗೆ ಬಿಡಿಸಿ ಹೇಳಬೇಕಿಲ್ಲ. 1923ರ ನೆರೆಯ ಕತೆಯನ್ನು ಇವತ್ತಿಗೂ ನೇತ್ರಾವತಿ ತೀರದಲ್ಲಿ ಹೇಳುತ್ತಾರೆ. ಮಾರಿಬೊಳ್ಳ ಅಂತ ಕರೆಸಿಕೊಂಡ ಆ ನೆರೆ ಬಂಟ್ವಾಳ, ಪಾಣೆಮಂಗಳೂರಿನ ಪೇಟೆಗಳನ್ನೇ ಮುಳುಗಿಸಿತ್ತು. ತುಂಡು ಭೂಮಿ, ಮನೆ ತುಂಬಾ ಮಕ್ಕಳು, ಮೇಲಿಂದ ನೆರೆ. ಕೆಲವರು ಬೊಂಬಾಯಿಗೆ ಹೋದರು, ಕೆಲವರು ಬೆಂಗಳೂರಿಗೆ. ಹಗಲು ಲೋಟ ತೊಳೆದು, ರಾತ್ರಿ ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದ ಸಾವಿರಾರು ಹುಡುಗರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಮಯ್ಯರ ಕತೆ ಓದುವಾಗ ಅದು ನೆನಪಿರಲಿ.

ಮಯ್ಯ ಸಹೋದರರು ಮೂವರು: ಪರಮೇಶ್ವರ, ಗಣಪ್ಪಯ್ಯ, ಯಜ್ಞನಾರಾಯಣ. ಪರಮೇಶ್ವರ ಮಯ್ಯರು ಮೊದಲು ಬೆಂಗಳೂರಿಗೆ ಬಂದು ಮನೆಯೊಂದರಲ್ಲಿ ಅಡುಗೆ ಕೆಲಸಕ್ಕಿದ್ದರು. ಆಮೇಲೆ 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ಸಣ್ಣದೊಂದು ಹೋಟೆಲು ತೆರೆಯಿತು. ಕಾಫಿ, ಇಡ್ಲಿ, ಅಷ್ಟೇ. ಕೆಲವೇ ವರ್ಷಗಳಲ್ಲಿ ಪರಮೇಶ್ವರ ಮಯ್ಯರು ತೀರಿಹೋದರು. ಹೋಟೆಲಿನ ಭಾರ ಯಜ್ಞನಾರಾಯಣರ ಹೆಗಲಿಗೆ ಬಂತು.

ಹೋಟೆಲಿನ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಈ ಹೆಸರನ್ನು ಹಾಗೇ ದಾಟಿ ಹೋಗುವುದು ಸರಿಯಲ್ಲ. ಯಾರು ಬೇಯಿಸಿದ್ದು, ಯಾರ ಪಕ್ಕ ಕೂತು ತಿನ್ನಬಹುದು ಅನ್ನುವುದೇ ಆಗ ಹೋಟೆಲಿನ ಮೊದಲ ಜಾಹೀರಾತು. ರುಚಿ ಎರಡನೆಯದು. ಅದೇ ದಶಕದಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಶಾಲೆಗಾಗಿ ದುಡಿದು, ಸ್ವಂತ ಜಾತಿಯವರ ಬಹಿಷ್ಕಾರ ಉಂಡು, 1928ರಲ್ಲಿ ತೀರಿಕೊಂಡರು. ಒಂದೇ ಕರಾವಳಿ, ಒಂದೇ ಕಾಲ. ಮಯ್ಯರನ್ನು ಮೆಚ್ಚುವವರು ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಅಕ್ಕಿಯ ಕೆಲಸ ಏನು?

ಕರಾವಳಿಯ ಅಡುಗೆಮನೆ ಅಂದರೆ ಅಕ್ಕಿ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಹಲಸಿನ ಎಲೆಯ ಕೊಟ್ಟಿಗೆ, ಮೂಡೆ, ಪುಂಡಿ, ಎಲ್ಲದರಲ್ಲೂ ಅಕ್ಕಿಯೇ. ಅಲ್ಲಿ ಹುಟ್ಟಿ ಬೆಳೆದವರಿಗೆ ಅಕ್ಕಿ ಇಲ್ಲದ ಇಡ್ಲಿ ಅನ್ನುವುದು ಮಾತಾಗಿಯೂ ವಿಚಿತ್ರ.

1942ರಲ್ಲಿ ಜಪಾನಿನ ಸೇನೆ ಬರ್ಮಾವನ್ನು ಹಿಡಿಯಿತು. ಭಾರತಕ್ಕೆ ಬರುತ್ತಿದ್ದ ಬರ್ಮಾದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬರ್ಮಾದ ಅಕ್ಕಿ ನಿಂತದ್ದು ಅದಕ್ಕೆ ಒಂದು ಕಾರಣ ಮಾತ್ರ. ಬ್ರಿಟಿಷ್ ಸರ್ಕಾರದ ಯುದ್ಧ ನೀತಿ, ದಾಸ್ತಾನು, ಬೆಲೆ ಏರಿಕೆ ಎಲ್ಲ ಸೇರಿದ್ದವು. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ದುರಂತ ಆಗಲಿಲ್ಲ. ಆದರೆ ಅಕ್ಕಿಗೆ ತತ್ವಾರವಾಯಿತು, ಇಡ್ಲಿ ಮಾರುವ ಹೋಟೆಲುಗಳು ಕಷ್ಟಕ್ಕೆ ಬಿದ್ದವು.

ರವೆ ಇಡ್ಲಿ ಹುಟ್ಟಿದ್ದು ಆಗ, ಮಯ್ಯರ ಹೋಟೆಲಿನ ಅಡುಗೆಮನೆಯಲ್ಲಿ ಅನ್ನುವುದು ಎಲ್ಲರೂ ಒಪ್ಪಿಕೊಂಡು ಬಂದಿರುವ ಮಾತು. ಸುಮ್ಮನೆ ಅಕ್ಕಿಯ ಜಾಗಕ್ಕೆ ರವೆ ಸುರಿದರೆ ಇಡ್ಲಿ ಆಗುವುದಿಲ್ಲ ಮಾರಾಯ್ರೇ, ಮುದ್ದೆ ಆಗುತ್ತದೆ. ಮಾಮೂಲಿ ಇಡ್ಲಿಯಲ್ಲಿ ಅಕ್ಕಿ ಮೈ ಕೊಡುತ್ತದೆ, ಉದ್ದು ಹಿಡಿತ ಕೊಡುತ್ತದೆ, ರಾತ್ರಿಯಿಡೀ ಹುಳಿ ಬರುವುದರಿಂದ ಗಾಳಿಯೂ ರುಚಿಯೂ ಬರುತ್ತವೆ. ರವೆ ಇಡ್ಲಿಯಲ್ಲಿ ಇವೆಲ್ಲ ಕೆಲಸ ಬೇರೆಯವರ ಪಾಲಿಗೆ ಹೋಯಿತು. ಮೈ ಕೊಡುವುದು ಹುರಿದ ರವೆ. ಹುಳಿ ಕೊಡುವುದು ಮೊಸರು. ಆ ಹುಳಿ ಅಡುಗೆ ಸೋಡಾಕ್ಕೆ ತಾಗಿದಾಗ ಇಂಗಾಲದ ಡೈಆಕ್ಸೈಡ್ ಎದ್ದು ಹಿಟ್ಟನ್ನು ಉಬ್ಬಿಸುತ್ತದೆ. ಉದ್ದಿನ ಹಿಟ್ಟಿನ ಪರಿಮಳ ಇಲ್ಲದ್ದಕ್ಕೆ ತುಪ್ಪದ ಒಗ್ಗರಣೆ, ಶುಂಠಿ, ಕರಿಬೇವು, ಗೋಡಂಬಿ.

ಕೇಕ್ ಉಬ್ಬುವುದು ಸಹ ಇದೇ ಲೆಕ್ಕದಲ್ಲಿ. ಹುಳಿ, ಸೋಡಾ, ಬಿಸಿ. ಹಾಗೆ ನೋಡಿದರೆ ರವೆ ಇಡ್ಲಿ ಅನ್ನುವುದು ಹಬೆಯಲ್ಲಿ ಬೆಂದ ಖಾರದ ಕೇಕೇ.

ಅಡುಗೆಮನೆಯ ಬಾಗಿಲು ತೆರೆದದ್ದು

1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪಿಗೆ ಹೋದರು. ಹೋದದ್ದು ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಅಂತ ನೋಡಲಿಕ್ಕೆ. ವಾಪಸು ತಂದದ್ದು ಅಲ್ಲಿನ ತಿಂಡಿಗಳನ್ನಲ್ಲ, ಚೊಕ್ಕಟತನವನ್ನು. ತಟ್ಟೆ ಲೋಟಗಳನ್ನು ರೋಗಾಣು ಸಾಯುವ ಹಾಗೆ ಶುದ್ಧ ಮಾಡುವ ಕ್ರಮ ಬಂತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡುವ ಹಾಗಾಯಿತು. ಶುಚಿ, ಆರೋಗ್ಯದ ಬಗ್ಗೆ ಪುಸ್ತಿಕೆ ಮಾಡಿಸಿ ಹಂಚಿದರು.

1960ರಲ್ಲಿ ಹೋಟೆಲು ಈಗಿರುವ ಕಟ್ಟಡಕ್ಕೆ ಬಂದು, ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಬೋರ್ಡಿನಿಂದ ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು. ಬೋರ್ಡು ಬದಲಾದ ಮಾತ್ರಕ್ಕೆ ಸಮಾಜ ಬದಲಾಗುವುದಿಲ್ಲ, ನಿಜ. ಆದರೂ ಇದು ಸಣ್ಣ ಸಂಗತಿ ಅಲ್ಲ. ಈ ತಿಂಡಿಯನ್ನು ನಂಬಬಹುದು ಅನ್ನಲಿಕ್ಕೆ ಮೊದಲು ಅಡುಗೆಯವರ ಜಾತಿ ಸಾಕ್ಷಿಯಾಗಿತ್ತು. ಈಗ ತೊಳೆದ ಲೋಟ, ತೆರೆದ ಅಡುಗೆಮನೆ ಸಾಕ್ಷಿಯಾದವು. ಮಡಿ ಹೋಗಿ ನೈರ್ಮಲ್ಯ ಬಂದರೆ ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡಬಹುದು, ಅಲ್ವಾ?

ಯಜ್ಞನಾರಾಯಣ ಮಯ್ಯರು 1968ರಲ್ಲಿ ತೀರಿಕೊಂಡರು. ಹೋಟೆಲು ಹರಿಶ್ಚಂದ್ರ ಮಯ್ಯರ ಕೈಗೆ ಬಂತು.

ಡಬ್ಬಿ ಬಂದದ್ದು ಯಾಕೆ

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ. ಹೋಟೆಲ್ ತಿಂಡಿಗಳನ್ನು ತೀರಾ ಕಡಿಮೆ ಬೆಲೆಗೆ ಮಾರಬೇಕು ಅಂತ ಸರ್ಕಾರದ ಕಟ್ಟಪ್ಪಣೆ ಬಂತು. ಬಡವರಿಗೆ ಅಗ್ಗದಲ್ಲಿ ಊಟ ಸಿಗಬೇಕು ಅನ್ನುವುದು ನ್ಯಾಯವಾದ ಆಸೆಯೇ. ಆದರೆ ಚರ್ಚೆ ಇಲ್ಲದೆ, ಪ್ರಶ್ನೆ ಕೇಳಲು ಬಿಡದೆ ಹೇರಿದ ಬೆಲೆಯಲ್ಲಿ ತುಪ್ಪ ಎಲ್ಲಿಂದ ಬರಬೇಕು? ಗುಣಮಟ್ಟ ಇಳಿಸುವ ಬದಲು ಎಂಟಿಆರ್ ಬಾಗಿಲು ಹಾಕಿತು. ಕೆಲಸದವರ ಹೊಟ್ಟೆಪಾಡು ಉಳಿಸಲು ಪುಡಿ, ಮಿಕ್ಸ್‌ಗಳ ವ್ಯಾಪಾರ ಕೈಹಿಡಿಯಿತು. ಹೋಟೆಲು ಮತ್ತೆ ತೆರೆದದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಡಬ್ಬಿ ಸ್ವಂತ ಕಾಲ ಮೇಲೆ ನಿಂತಿತ್ತು. 2007ರಲ್ಲಿ ಆ ಪ್ಯಾಕೆಟ್ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಹೋಟೆಲು ಕುಟುಂಬದ ಹತ್ತಿರವೇ ಉಳಿಯಿತು.

ಅಮೆರಿಕದ ಕೇಕ್ ಮಿಕ್ಸ್ ಕತೆ ಇದಕ್ಕೆ ತಿರುಗುಮುರುಗು. 1930ರ ದಶಕದ ಆರಂಭದಲ್ಲಿ ಪಿಟ್ಸ್‌ಬರ್ಗಿನ ಡಫ್ ಕಂಪನಿಯ ಹತ್ತಿರ ಕಾಕಂಬಿ ಬೇಕಾದ್ದಕ್ಕಿಂತ ಹೆಚ್ಚಿತ್ತು. ಅದನ್ನು ಒಣಗಿಸಿ ಹಿಟ್ಟಿಗೆ ಸೇರಿಸಿ ಮಿಕ್ಸ್ ಮಾಡಿದರು. ಅಲ್ಲಿನದು ಹೆಚ್ಚಾಗಿ ಉಳಿದದ್ದರಿಂದ ಹುಟ್ಟಿತು, ಇಲ್ಲಿನದು ಕೊರತೆಯಿಂದ. ಒಂದು ಪಾಠ ಮಾತ್ರ ಎರಡೂ ಕಡೆ ಒಂದೇ. ಒಣಗಿಸಿದ ಮೊಟ್ಟೆ ಪುಡಿಗಿಂತ ತಾಜಾ ಮೊಟ್ಟೆ ಒಡೆದು ಹಾಕುವುದೇ ಮೇಲು ಅಂತ ಡಫ್ ಕಂಪನಿಗೂ ಬೇಗ ಗೊತ್ತಾಯಿತು.

ಹಾಗಾದರೆ ಪ್ಯಾಕೆಟ್ಟನ್ನು ಏನು ಮಾಡೋಣ?

ಮಯ್ಯರ ಅಡುಗೆಮನೆ ಕೇಳಿದ ಪ್ರಶ್ನೆಯನ್ನೇ ಕೇಳಿ: ಇಲ್ಲಿ ಏನು ಇಲ್ಲ, ಅದರ ಕೆಲಸವನ್ನು ಇನ್ಯಾವುದು ಮಾಡೀತು? ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾದ ಪುಡಿಯಲ್ಲಿ ನಾಲ್ಕು ಸಂಗತಿ ಇರಲು ಸಾಧ್ಯವಿಲ್ಲ: ತೇವ, ಹಸಿ ಹುಳಿ, ತಾಜಾ ಕೊಬ್ಬು, ತಾಜಾ ಪರಿಮಳ. ಅವನ್ನು ನೀವು ಕೊಡಬೇಕು.

ರವೆ ಇಡ್ಲಿ ಮಿಕ್ಸ್‌ಗೆ ತುಸು ಹುಳಿ ಬಂದ ಗಟ್ಟಿ ಮೊಸರು ಹಾಕಿ. ಫ್ರಿಜ್ಜಿನಿಂದ ನೇರ ಬೇಡ, ತಣ್ಣಗಿದ್ದರೆ ರವೆ ನೀರು ಕುಡಿಯುವುದೂ ನಿಧಾನ. ಒಂದು ಚಮಚ ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಹೆಚ್ಚಿದ ಶುಂಠಿ, ಹಸಿಮೆಣಸು, ಕರಿಬೇವು ಒಗ್ಗರಣೆ ಹಾಕಿ, ಸ್ವಲ್ಪ ಆರಿಸಿ ಬೆರೆಸಿ. ಹಿಟ್ಟು ಐದರಿಂದ ಹತ್ತು ನಿಮಿಷ ನೆನೆಯಲಿ. ಆದರೆ ಸೋಡಾ ಮಿಕ್ಸಿನೊಳಗೇ ಇರುವುದರಿಂದ ಗಂಟೆಗಟ್ಟಲೆ ಬಿಟ್ಟರೆ ಗಾಳಿಯೆಲ್ಲ ಹೋಗಿಬಿಡುತ್ತದೆ. ಹಿಟ್ಟು ಕಲಸುವ ಮೊದಲೇ ತೊಂದೂರಿನಲ್ಲಿ ನೀರು ಕುದಿಯಲು ಇಡಿ. ತಟ್ಟೆಗೆ ತುಪ್ಪ ಸವರಿ, ತಳದಲ್ಲಿ ಗೋಡಂಬಿ ಇಟ್ಟು ಹಿಟ್ಟು ಹೊಯ್ಯಿರಿ. ಜೋರು ಹಬೆಯಲ್ಲಿ 10ರಿಂದ 12 ನಿಮಿಷ ಸಾಕು. ಎರಡು ನಿಮಿಷ ತಣಿದ ಮೇಲೆ ಎಬ್ಬಿಸಿದರೆ ಮುರಿಯುವುದಿಲ್ಲ.

ಕೇಕ್ ಮಿಕ್ಸ್‌ಗೂ ಇದೇ ಯೋಚನೆ. ನೀರು ಅಂತ ಬರೆದಲ್ಲಿ ಹಾಲು ಹಾಕಿ, ಅಥವಾ ಅರ್ಧ ಹಾಲು, ಅರ್ಧ ಕಾಯಿಹಾಲು. ಎಣ್ಣೆಯ ಬದಲು ಕರಗಿಸಿದ ಬೆಣ್ಣೆ. ಮೊಟ್ಟೆ ತಿನ್ನುವವರು ಒಂದು ಅರಿಶಿನ ಭಾಗ ಹೆಚ್ಚು ಹಾಕಿ, ತಿನ್ನದವರು ಎರಡು ಚಮಚ ಮೊಸರು. ಒಂದು ಚಿಟಿಕೆ ಉಪ್ಪು ಸಿಹಿಯನ್ನು ಎತ್ತಿ ಹಿಡಿಯುತ್ತದೆ. ಚಾಕೊಲೇಟ್ ಮಿಕ್ಸಾದರೆ ಎರಡು ಮೂರು ಚಮಚ ಕಾಫಿ ಡಿಕಾಕ್ಷನ್, ವೆನಿಲ್ಲಾ ಆದರೆ ಏಲಕ್ಕಿ. ಒಣ ಹಿಟ್ಟು ಕಾಣದಷ್ಟು ಕಲಸಿ ಅಲ್ಲಿಗೇ ನಿಲ್ಲಿಸಿ. ಮೈದಾವನ್ನು ಕಲಸಿದಷ್ಟೂ ಅದು ಬಿಗಿಯಾಗುತ್ತದೆ. ಓವನ್ ಇಲ್ಲದವರು ಕುಕ್ಕರಿನ ಸೀಟಿಯನ್ನೂ ಗ್ಯಾಸ್ಕೆಟ್ಟನ್ನೂ ತೆಗೆದು, ತಳಕ್ಕೆ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಬಹುದು. ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದಿದ್ದರೆ ಬೆಂದಿದೆ. ಬಂಟ್ವಾಳದ ಕೊಂಕಣಿ ಮನೆಗಳಲ್ಲಿ ಸೌತೆಕಾಯಿ, ಬೆಲ್ಲ ಹಾಕಿ ಮಾಡುವ ತವ್ಸಳಿಯ ರುಚಿ ಬಲ್ಲವರಿಗೆ ಓವನ್ ಇಲ್ಲದ ಕೇಕ್ ಹೊಸದೇನೂ ಅಲ್ಲ.

ಕೊನೆಗೆ

ಪ್ಯಾಕೆಟ್ ತಂದದ್ದಕ್ಕೆ ಯಾರಾದರೂ ಸಂಪ್ರದಾಯದ ಹೆಸರಿನಲ್ಲಿ ಬೈದರೆ ರವೆ ಇಡ್ಲಿಯ ಹುಟ್ಟುಕತೆ ಹೇಳಿ. ಇವತ್ತು ನಾವು ಪರಂಪರೆ ಅನ್ನುವುದು ನಿನ್ನೆ ಯಾರೋ ಇಕ್ಕಟ್ಟಿನಲ್ಲಿ ಮಾಡಿಕೊಂಡ ಹೊಂದಾಣಿಕೆ. ರಾತ್ರಿ ಅಕ್ಕಿ ಉದ್ದು ನೆನೆಹಾಕಿ, ರುಬ್ಬಿ, ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವ ಕೆಲಸ ಇಷ್ಟು ವರ್ಷ ಯಾರ ಪಾಲಿಗಿತ್ತು ಅಂತಲೂ ಕೇಳಿ. ಪ್ಯಾಕೆಟ್ಟು ಆ ಹೊರೆಯನ್ನು ಒಂದು ದಿನವಾದರೂ ಇಳಿಸಿದ್ದರೆ ನಾಚಿಕೊಳ್ಳಬೇಕಾದ್ದು ಏನಿದೆ?

ನಮ್ಮ ಊರಿನವರೊಬ್ಬರ ಹೋಟೆಲಿನ ಹೆಸರು ಇವತ್ತು ನಾರ್ವೆಯ ಕಂಪನಿಯ ಡಬ್ಬಿಯ ಮೇಲಿದೆ. ಆ ಅಡುಗೆಮನೆಯಲ್ಲಿ ರವೆ ಹುರಿದವರ, ತಟ್ಟೆ ತೊಳೆದವರ ಹೆಸರು ಯಾವ ಡಬ್ಬಿಯ ಮೇಲೂ ಇಲ್ಲ. ಆದರೆ ಅವರ ವಿದ್ಯೆಗೆ ಯಾರ ಅಪ್ಪಣೆಯೂ ಬೇಡ. ಇಲ್ಲದ್ದು ಯಾವುದು ಅಂತ ತಿಳಿದುಕೊಳ್ಳಿ, ಇದ್ದದ್ದರಲ್ಲಿ ಅದನ್ನು ತುಂಬಿಕೊಡಿ. ಮುಂದಿನ ವಾರ ರಜೆಗೆ ಮನೆಗೆ ಹೋದಾಗ ಬೆಳಗ್ಗಿನ ತಿಂಡಿಯನ್ನು ನೀವೇ ಮಾಡಿ. ಅಮ್ಮ ಮಲಗಿರಲಿ.